ಲಿನಕ್ಸ್ ಬೂಟ್ ಆಗ್ತಿಲ್ವಾ? ಸಿಎಚ್‌ರೂಟ್ ಮಾಡಿ ನೋಡಿ

ಉಬುಂಟು ಇದ್ದ ಲ್ಯಾಪ್‌ಟಾಪ್‌ಗೆ ವಿಂಡೋಸ್ ಹಾಕಿದಿರಿ, ಇಲ್ಲವೇ ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ಹೋಯಿತು. ಈಗ ಆನ್ ಮಾಡಿದರೆ ಲಿನಕ್ಸನ್ನು ಶುರು ಮಾಡುವ ಗ್ರಬ್ ಅನ್ನುವ ಪ್ರೋಗ್ರಾಮ್‌ನ ಮೆನುವೇ ಬರುತ್ತಿಲ್ಲ. ಎಲ್ಲ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಬೇಡ. ನಿಮ್ಮ ಫೈಲು, ಸೆಟ್ಟಿಂಗ್ ಎಲ್ಲ ಬಹುತೇಕ ಹಾಗೇ ಇರುತ್ತವೆ, ಕೆಟ್ಟಿರುವುದು ಶುರುವಾಗುವ ದಾರಿ ಅಷ್ಟೇ.

1979ರ ಯೂನಿಕ್ಸ್ ಏಳನೇ ಆವೃತ್ತಿಯಲ್ಲೇ ಇದ್ದ ಸಿಎಚ್‌ರೂಟ್ ಇಂಥ ಹೊತ್ತಿಗೆ ಕೈ ಹಿಡಿಯುತ್ತದೆ. ಪ್ರೋಗ್ರಾಮ್‌ಗೆ ಫೈಲುಗಳೆಲ್ಲ '/' ಅನ್ನುವ ರೂಟ್‌ನಿಂದ ಶುರು. ನೀವು ತೋರಿಸಿದ ಫೋಲ್ಡರನ್ನೇ ಆ ಪ್ರೋಗ್ರಾಮ್‌ಗೂ ಅದು ಶುರು ಮಾಡುವ ಬೇರೆಲ್ಲ ಪ್ರೋಗ್ರಾಮ್‌ಗಳಿಗೂ ರೂಟ್ ಮಾಡಿಬಿಡುತ್ತದೆ ಈ ಕಮಾಂಡ್. ಹಾಗಾಗಿ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಡಿಸ್ಕ್‌ನಲ್ಲಿರುವ ಕೆಟ್ಟ ಸಿಸ್ಟಮ್ ಒಳಗೆ ಹೋಗಿ ರಿಪೇರಿ ಮಾಡಬಹುದು.

ಉಬುಂಟು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಬಿಟ್ಟು 'ಟ್ರೈ' ಒತ್ತಿ, ಟರ್ಮಿನಲ್ ತೆರೆಯಿರಿ. ಇಲ್ಲಿ ಕನ್ನಡದಲ್ಲಿ ಬರೆದ ಕಮಾಂಡ್‌ಗಳನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ.

ಮೊದಲು 'ಎಲ್‌ಎಸ್‌ಬಿಎಲ್‌ಕೆ -ಎಫ್'. ಡಿಸ್ಕ್‌ನ ಭಾಗಗಳ, ಅಂದರೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಇಎಕ್ಸ್‌ಟಿ4 ಅಂತ ತೋರಿಸುವುದು ಸಾಮಾನ್ಯವಾಗಿ ನಿಮ್ಮ ಲಿನಕ್ಸ್, ವಿಫ್ಯಾಟ್ ಅಂತ ಇರುವ ಚಿಕ್ಕದು ಇಎಫ್‌ಐ, ಅಂದರೆ ಬೂಟ್ ಆಗಲು ಬೇಕಾದ ಫೈಲುಗಳಿರುವ ಪಾರ್ಟಿಷನ್. ಲಿನಕ್ಸ್ ಎಸ್‌ಡಿಎ2ರಲ್ಲಿದೆ ಅಂದುಕೊಳ್ಳಿ. 'ಸುಡೊ ಮೌಂಟ್ /ಡೆವ್/ಎಸ್‌ಡಿಎ2 /ಎಂಎನ್‌ಟಿ' ಕೊಡಿ. ಮೌಂಟ್ ಅಂದರೆ ಪಾರ್ಟಿಷನ್ನನ್ನು ಒಂದು ಫೋಲ್ಡರ್‌ಗೆ ಜೋಡಿಸುವುದು. ಇಎಫ್‌ಐ ಪಾರ್ಟಿಷನ್ನನ್ನು ಹಾಗೇ '/ಎಂಎನ್‌ಟಿ/ಬೂಟ್/ಇಎಫ್‌ಐ'ಗೆ ಮೌಂಟ್ ಮಾಡಿ.

ಜಾಸ್ತಿ ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಡೆವ್, ಪ್ರಾಕ್, ಸಿಸ್, ರನ್ ಈ ನಾಲ್ಕೂ ಡಿಸ್ಕ್‌ನಲ್ಲಿ ಖಾಲಿ ಫೋಲ್ಡರ್‌ಗಳು. ಚಾಲೂ ಇರುವ ಕರ್ನಲ್ (ಲಿನಕ್ಸ್‌ನ ತಿರುಳು ಪ್ರೋಗ್ರಾಮ್), ಸಿಸ್ಟಮ್ ತುಂಬಿದರೆ ಮಾತ್ರ ಅವುಗಳಲ್ಲಿ ಏನಾದರೂ ಇರುತ್ತದೆ. ಇವನ್ನು ಜೋಡಿಸದೆ ಒಳಗೆ ಹೋದರೆ ಗ್ರಬ್‌ಗೆ ಡಿಸ್ಕೇ ಕಾಣುವುದಿಲ್ಲ. 'ಸುಡೊ ಮೌಂಟ್ --ಆರ್‌ಬೈಂಡ್ /ಡೆವ್ /ಎಂಎನ್‌ಟಿ/ಡೆವ್' ಅಂತ ಕೊಟ್ಟು, ಉಳಿದ ಮೂರಕ್ಕೂ ಹಾಗೇ ಮಾಡಿ. ರನ್ ಜೋಡಿಸಿದರೆ ಉಬುಂಟುವಿನಲ್ಲಿ ಇಂಟರ್‌ನೆಟ್ ಹೆಸರು ಹುಡುಕುವ ವ್ಯವಸ್ಥೆಯೂ ಒಳಗೆ ಸಿಗುತ್ತದೆ, ಪ್ಯಾಕೇಜ್ ಡೌನ್‌ಲೋಡ್ ಮಾಡಲು ಅದು ಬೇಕಲ್ವಾ?

ಈಗ 'ಸುಡೊ ಸಿಎಚ್‌ರೂಟ್ /ಎಂಎನ್‌ಟಿ /ಬಿನ್/ಬ್ಯಾಶ್'. ಬ್ಯಾಶ್ ಅಂದರೆ ನಿಮ್ಮ ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಮ್. ಬ್ಯಾಶ್ ಫೈಲೇ ಇಲ್ಲ ಅಂತ ಎರರ್ ಬಂದರೆ ಗಾಬರಿ ಬೇಡ, ಹೆಚ್ಚಾಗಿ ಹೋಮ್‌ನಂಥ ಬೇರೆ ಪಾರ್ಟಿಷನ್ ಮೌಂಟ್ ಆಗಿರುತ್ತದೆ. ಒಮ್ಮೊಮ್ಮೆ ಬ್ಯಾಶ್ ಕಣ್ಣೆದುರೇ ಇದ್ದರೂ ಇದೇ ಎರರ್ ಬರುತ್ತದೆ, ಆಗ ಇಲ್ಲದಿರುವುದು ಅದನ್ನು ಲೋಡ್ ಮಾಡುವ ಲೈಬ್ರರಿ ಫೈಲು. 'ಎಕ್ಸೆಕ್ ಫಾರ್ಮ್ಯಾಟ್ ಎರರ್' ಬಂದರೆ ಪೆನ್‌ಡ್ರೈವ್ ಮತ್ತು ಡಿಸ್ಕ್‌ನ ಸಿಸ್ಟಮ್ ಹೊಂದುತ್ತಿಲ್ಲ: ಕರ್ನಲ್ ಪೆನ್‌ಡ್ರೈವ್‌ನದ್ದೇ, 32 ಬಿಟ್ ಪೆನ್‌ಡ್ರೈವ್‌ನಿಂದ 64 ಬಿಟ್ ಸಿಸ್ಟಮ್ ಒಳಗೆ ಹೋಗಲು ಆಗುವುದಿಲ್ಲ.

ಒಳಗೆ ಬಂದ ಮೇಲೆ ನೀವು ರೂಟ್ ಯೂಸರ್ (ಎಲ್ಲ ಅಧಿಕಾರ ಇರುವ ಯೂಸರ್; ಮೇಲಿನ '/' ರೂಟ್ ಬೇರೆ), ಕೊಡುವ ಕಮಾಂಡ್ ಎಲ್ಲ ನಿಮ್ಮ ಸಿಸ್ಟಮ್‌ನದ್ದೇ. ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ 'ಡಿಪಿಕೆಜಿ --ಕಾನ್ಫಿಗರ್ -ಎ'. ಪಾಸ್‌ವರ್ಡ್ ಮರೆತಿದ್ದರೆ 'ಪಾಸ್‌ಡಬ್ಲ್ಯುಡಿ' ಜೊತೆಗೆ ಯೂಸರ್ ಹೆಸರು. ಗ್ರಬ್ ಹೋಗಿದ್ದರೆ 'ಗ್ರಬ್-ಇನ್‌ಸ್ಟಾಲ್', ಆಮೇಲೆ 'ಅಪ್‌ಡೇಟ್-ಗ್ರಬ್'. ಇಎಫ್‌ಐ ಇಲ್ಲದ ಹಳೇ ಕಂಪ್ಯೂಟರ್ ಆದರೆ ಗ್ರಬ್-ಇನ್‌ಸ್ಟಾಲ್ ಮುಂದೆ '/ಡೆವ್/ಎಸ್‌ಡಿಎ' ಅಂತ ಇಡೀ ಡಿಸ್ಕ್ ಹೆಸರು ಕೊಡಬೇಕು, ಪಾರ್ಟಿಷನ್ ನಂಬರ್ ಬೇಡ. 'ಎಕ್ಸಿಟ್' ಕೊಟ್ಟು ಹೊರಬನ್ನಿ, ರೀಬೂಟ್ ಮಾಡಿ, ಪೆನ್‌ಡ್ರೈವ್ ತೆಗೆಯಿರಿ.

ಸರ್ವರ್ ನೋಡಿಕೊಳ್ಳುವವರಿಗೆ ಒಂದು ಮಾತು. ನಂಬಿಕೆಯಿಲ್ಲದ ಪ್ರೋಗ್ರಾಮನ್ನು ಕಟ್ಟಿಹಾಕಲು ಸುಮ್ನೆ ಸಿಎಚ್‌ರೂಟ್ ಸಾಲದು. ರೂಟ್ ಅಧಿಕಾರ ಇರುವ ಪ್ರೋಗ್ರಾಮ್ ಅದರಿಂದ ತಪ್ಪಿಸಿಕೊಳ್ಳಬಲ್ಲದು. ನೆಟ್‌ವರ್ಕ್, ಬೇರೆ ಪ್ರೋಸೆಸ್‌ಗಳು ಅದಕ್ಕೆ ಕಾಣುತ್ತಲೇ ಇರುತ್ತವೆ. 2000ದಲ್ಲಿ ಫ್ರೀಬಿಎಸ್‌ಡಿ 4.0 'ಜೈಲ್' ತಂದಿದ್ದು ಈ ಕೊರತೆ ನೀಗಿಸಲಿಕ್ಕೆ. ಲಿನಕ್ಸ್‌ನಲ್ಲಾದರೆ ಅಂಥ ಕೆಲಸಕ್ಕೆ ಫೈಲು, ನೆಟ್‌ವರ್ಕ್, ಪ್ರೋಸೆಸ್ ಎಲ್ಲವನ್ನೂ ಬೇರೆಯಾಗಿಡುವ ಕಂಟೇನರ್ ಬಳಸಿ, ಅದರೊಳಗೂ ಪ್ರೋಗ್ರಾಮನ್ನು ಸಾಮಾನ್ಯ ಯೂಸರ್ ಆಗಿಯೇ ಓಡಿಸಿ.