ಬಿಟ್ಟರೂ ಬಿಡದ ರೇಸ್: ನನ್ನ ಟ್ರಯಲ್ಸ್ ಬೈಕಿನ ರಿಪೇರಿ ಕಥೆ

ಆಕ್ಸಿಲರೇಟರ್ ಪೂರ್ತಿ ಬಿಟ್ಟಿದ್ದೆ. ಎಂಜಿನ್ ಮಾತ್ರ ಕೇಳಲಿಲ್ಲ. ಬಂಡೆಯಿಂದ ಮುಂದಿನ ಚಕ್ರ ಇಳಿಸಿ ತಕ್ಷಣ ಎಡಕ್ಕೆ ತಿರುಗಬೇಕಿತ್ತು. ಎಂಜಿನ್ ಒಂದೆರಡು ಸೆಕೆಂಡು ರೇಸಲ್ಲೇ ನಿಂತು, ಆಮೇಲೆ ಮನಸ್ಸಿಲ್ಲದ ಮನಸ್ಸಿಂದ ಇಳಿಯಿತು. ಅಷ್ಟರಲ್ಲಿ ಗಾಡಿ ನನ್ನನ್ನು ಒಂದಡಿ ಮುಂದೆ ತಳ್ಳಿತ್ತು. ನನ್ನ ಕಾಲು ನೆಲದ ಮೇಲಿತ್ತು.

ಬೇರೆ ಬೈಕಿನಲ್ಲಿ ಇದು ದೊಡ್ಡ ವಿಷಯವೇ ಅಲ್ಲ. ಟ್ರಯಲ್ಸ್ ಅಂದರೆ ಬಂಡೆ, ದಿಣ್ಣೆಗಳ ಮೇಲೆ ಕಾಲು ಊರದೆ ಬೈಕ್ ಓಡಿಸುವ ಸ್ಪರ್ಧೆ. ಟ್ರಯಲ್ಸ್‌ನಲ್ಲಿ ಕಾಲು ಊರಿದ್ದಕ್ಕೇ ಲೆಕ್ಕ. ಒಂದು ಸಲ ಊರಿದರೆ 1, ಎರಡು ಸಲಕ್ಕೆ 2, ಅದಕ್ಕಿಂತ ಜಾಸ್ತಿಯಾದರೆ 3, ಸೆಕ್ಷನ್ (ಗುರುತು ಹಾಕಿದ ಕಷ್ಟದ ತುಂಡು ದಾರಿ) ಮುಗಿಸೋಕೇ ಆಗದಿದ್ದರೆ 5. ಕಮ್ಮಿ ಅಂಕ ತಗೊಂಡವನೇ ಗೆದ್ದ. ಅಲ್ಲಿ ವೇಗಕ್ಕೆ ಬೆಲೆಯಿಲ್ಲ. ಹಾಗಾಗಿ ಎಂಜಿನ್ ಇಡೀ ದಿನ ಆಕ್ಸಿಲರೇಟರಿನ ಮೊದಲ ಎಂಟನೇ ಒಂದು ಭಾಗದಲ್ಲೇ ಬದುಕುತ್ತದೆ. ಆ ಎಂಟನೇ ಒಂದು ಭಾಗ ಸರಿ ಇಲ್ಲದಿದ್ದರೆ ಗಾಡಿಯೇ ಸರಿ ಇಲ್ಲ.

ನನ್ನದು ಸುಮಾರು ವಯಸ್ಸಾದ 250 ಸಿಸಿ ಟು ಸ್ಟ್ರೋಕ್. 28 ಎಂಎಂ ಕಾರ್ಬುರೇಟರ್, ರೀಡ್ ವಾಲ್ವ್ (ಗಾಳಿಯನ್ನು ಒಳಗೆ ಮಾತ್ರ ಬಿಡುವ ಎಲೆಗಳ ಕವಾಟ), ನೀರಿನ ಕೂಲಿಂಗ್. ರೇಸ್ ಇಳಿಯದೆ ನಿಲ್ಲುವುದು ಶುರುವಾದಾಗ ನಾನು ಮಾಡಿದ ಮೊದಲ ಕೆಲಸವೇ ತಪ್ಪು. ಮಿಕ್ಸ್ ಲೀನ್ ಆಗಿದೆ, ಅಂದರೆ ಗಾಳಿ ಜಾಸ್ತಿ ಪೆಟ್ರೋಲ್ ಕಮ್ಮಿ ಅಂದುಕೊಂಡು, ಸೀದಾ ಆಕ್ಸಿಲರೇಟರ್ ಕಮ್ಮಿ ಇದ್ದಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು, ಪೈಲಟ್ ಜೆಟ್‌ಗೆ ಕೈ ಹಾಕಿದೆ. 45ನೇ ನಂಬರಿನ ತೂತು ಇದ್ದದ್ದನ್ನು ದೊಡ್ಡದು, 48 ಮಾಡಿದೆ. ಸ್ವಲ್ಪ ವಾಸಿ ಅನ್ನಿಸಿತು. 50 ಹಾಕಿದೆ. ಬೆಳಗ್ಗೆ ತಣ್ಣಗಿದ್ದಾಗ ಗಾಡಿ ಚೆನ್ನಾಗಿ ಓಡಿತು. ಬಿಸಿಯಾದ ಮೇಲೆ ಮತ್ತೆ ಅದೇ ಕಥೆ. ಜೊತೆಗೆ ಪ್ಲಗ್ ಮಸಿ ಹಿಡಿಯಿತು, ಕೆಳಗಿನ ಎಳೆತ ಮಂಕಾಯಿತು. ಇದ್ದ ಒಂದು ಕಾಯಿಲೆ ಎರಡಾಯಿತು.

ಲೀನ್ ಆಗಿತ್ತು ಅನ್ನೋದು ನಿಜವೇ. ಯಾಕೆ ಲೀನ್ ಆಯ್ತು ಅಂತ ನಾನು ಕೇಳಿಕೊಳ್ಳಲಿಲ್ಲ. ನಿನ್ನೆವರೆಗೆ ಸರಿಯಿದ್ದ ಜೆಟ್ ಇವತ್ತು ಚಿಕ್ಕದಾಗಲ್ಲ, ಅಲ್ವಾ? ಒಂದೋ ಅದರಲ್ಲಿ ಕಸ ಕೂತಿರಬೇಕು, ಇಲ್ಲಾ ಬೇರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿರಬೇಕು.

ಕಾರ್ಬುರೇಟರ್ ಬಿಚ್ಚಿ ಪೈಲಟ್ ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿದೆ. ತೂತು ದುಂಡಗೆ, ಶುಭ್ರವಾಗಿ ಕಂಡಿತು. ಇಲ್ಲಿ ಒಂದು ಮಾತು: ಆ ತೂತಿಗೆ ಸೂಜಿ ಅಥವಾ ತಂತಿ ಹಾಕಬೇಡಿ. ಹಿತ್ತಾಳೆ ಮೆತ್ತಗಿರುತ್ತದೆ, ತೂತು ಗೊತ್ತಾಗದ ಹಾಗೆ ದೊಡ್ಡದಾಗುತ್ತದೆ. ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಜೆಟ್ ಮಾತ್ರ ಅಲ್ಲ, ಕಾರ್ಬುರೇಟರ್ ಮೈಯೊಳಗಿನ ಸಣ್ಣ ದಾರಿಗಳಿಗೂ ಊದಬೇಕು. ಒಂದು ಕಡೆ ಊದಿದರೆ ಇನ್ನೊಂದು ಕಡೆ ಬರುತ್ತಾ ಅಂತ ಬೆರಳಿಟ್ಟು ನೋಡಬೇಕು. ಏರ್ ಫಿಲ್ಟರ್ ಸ್ಪಾಂಜಿಗೆ ಎಣ್ಣೆ ಸರಿಯಾಗಿತ್ತು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಗ್ಗಿಸಿ ನೋಡಿದೆ, ಬಿರುಕಿಲ್ಲ. ರೀಡ್ ವಾಲ್ವಿನ ಎಲೆಗಳು ತಟ್ಟೆಗೆ ಅಂಟಿಕೊಂಡೇ ಇದ್ದವು.

ಉಳಿದದ್ದು ಕ್ರ್ಯಾಂಕ್ ಸೀಲ್, ಅಂದರೆ ಕ್ರ್ಯಾಂಕ್ ದಂಡ ಎಂಜಿನ್ ಗೋಡೆಯಿಂದ ಹೊರಬರುವಲ್ಲಿ ಗಾಳಿ ತಡೆಯುವ ರಬ್ಬರ್ ಬಳೆ. ಟು ಸ್ಟ್ರೋಕ್‌ನಲ್ಲಿ ಪಿಸ್ಟನ್ ಮೇಲೆ ಹೋದಾಗ ಪೆಟ್ರೋಲ್ ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬರುತ್ತದೆ, ಕೆಳಗೆ ಬಂದಾಗ ಅಲ್ಲಿಂದ ಸಿಲಿಂಡರಿಗೆ ಹೋಗುತ್ತದೆ. ಅಂದರೆ ಕ್ರ್ಯಾಂಕ್ ಕೇಸೇ ಒಂದು ಪಂಪು. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕಡೆಯ ಸೀಲ್ ಸವೆದರೆ ಹೊರಗಿನ ಗಾಳಿ ಒಳಗೆ ಬರುತ್ತದೆ, ಎಂಜಿನ್ ಲೀನ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲನ್ನೇ ಎಳೆದುಕೊಳ್ಳುತ್ತದೆ. ಆಗ ದಟ್ಟ ಹೊಗೆ, ಒದ್ದೆ ಪ್ಲಗ್, ಆಯಿಲ್ ಮಟ್ಟ ಇಳಿಕೆ. ನನಗೆ ಹೊಗೆ ಇರಲಿಲ್ಲ. ಅನುಮಾನ ಮ್ಯಾಗ್ನೆಟ್ ಕಡೆಗೆ ತಿರುಗಿತು.

ಅನುಮಾನದ ಮೇಲೆ ಸೀಲ್ ಬದಲಿಸೋದು ಬೇಡ ಅಂತ ಈ ಸಲ ಗಾಳಿ ತುಂಬಿ ಪರೀಕ್ಷೆ ಮಾಡಿದೆ. ಎಕ್ಸಾಸ್ಟ್ ಬಾಯಿಗೆ ರಬ್ಬರ್ ಬಿರಡೆ. ಕಾರ್ಬುರೇಟರ್ ಜಾಗದ ರಬ್ಬರಿಗೆ ಮರದ ಬಿರಡೆ, ಅದರ ನಡುವೆ ತೂತು ಕೊರೆದು ಒಂದು ನಳಿಗೆ. ನಳಿಗೆಗೆ ಹಳೇ ಬಿಪಿ ಮೀಟರಿನ ಗಡಿಯಾರ ಮತ್ತು ಅದರದ್ದೇ ರಬ್ಬರ್ ಬುರುಡೆ. ಈ ಕೆಲಸಕ್ಕೆ ಬಿಪಿ ಮೀಟರಿನಷ್ಟು ಒಳ್ಳೆ ಸಲಕರಣೆ ಇಲ್ಲ. ಅದರ 300 ಅಂದರೆ ಸುಮಾರು 5.8 ಪಿಎಸ್ಐ, ನಮಗೆ ಬೇಕಾದದ್ದೂ ಅಷ್ಟರೊಳಗೇ. ಚಕ್ರಕ್ಕೆ ಗಾಳಿ ಹಾಕುವ ಪಂಪಿನಿಂದ ಜೋರಾಗಿ ತುಂಬಿದರೆ ಸೀಲೇ ಹೊರಗೆ ಹಾರಬಹುದು.

250ಕ್ಕೆ ಏರಿಸಿ ಬಿಟ್ಟೆ. ಮುಳ್ಳು ನಿಲ್ಲಲೇ ಇಲ್ಲ, ಕಣ್ಣೆದುರೇ ಇಳಿಯುತ್ತಾ ಹೋಯಿತು. ಮೊದಲು ಬಿರಡೆಗಳಿಗೆ ಸೋಪು ನೀರು ಹಚ್ಚಿದೆ, ಗುಳ್ಳೆಯಿಲ್ಲ. ಸಿಲಿಂಡರಿನ ಬುಡದ ಗ್ಯಾಸ್ಕೆಟ್ ಸುತ್ತ ಹಚ್ಚಿದೆ, ಇಲ್ಲ. ಗೇರ್‌ಬಾಕ್ಸಿನ ಗಾಳಿಕೊಳವೆಗೆ ಒಂದು ಬಲೂನ್ ಸಿಕ್ಕಿಸಿದ್ದೆ, ಕ್ಲಚ್ ಕಡೆ ಸೋರಿದರೆ ಅದು ಉಬ್ಬಬೇಕು. ಜೋತುಬಿದ್ದೇ ಇತ್ತು. ಪುಲ್ಲರ್ ಹಾಕಿ ಮ್ಯಾಗ್ನೆಟ್ ತೆಗೆದೆ, ಹಿಂದಿನ ಕಾಯಿಲ್ ತಟ್ಟೆಯನ್ನೂ ಬಿಚ್ಚಿದೆ. ಕ್ರ್ಯಾಂಕಿನ ಸುತ್ತ ಎರಡು ಹನಿ ಸೋಪು ನೀರು ಬಿಟ್ಟೆ. ಬುಳುಬುಳು ಅಂತ ನೊರೆ ಎದ್ದಿತು. ಎರಡು ವಾರದ ತಲೆನೋವು ಒಂದು ಚಮಚ ಸೋಪು ನೀರಲ್ಲಿ ಸಿಕ್ಕಿಬಿತ್ತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಸೀಲ್ ಬದಲಿಸುವಾಗ ಆತುರ ಬೇಡ. ಹಳೇ ಸೀಲ್ ಎಷ್ಟು ಆಳದಲ್ಲಿ ಕೂತಿದೆ ಅಂತ ಮೊದಲೇ ಅಳೆದಿಟ್ಟುಕೊಳ್ಳಿ. ಕೀಳುವಾಗ ಸ್ಕ್ರೂ ಡ್ರೈವರ್ ಕ್ರ್ಯಾಂಕಿಗಾಗಲಿ, ಸೀಲ್ ಕೂರುವ ಗೋಡೆಗಾಗಲಿ ತಾಗಬಾರದು. ಅಲ್ಲಿ ಒಂದು ಗೀರು ಬಿದ್ದರೆ ಹೊಸ ಸೀಲೂ ಸೋರುತ್ತದೆ. ಹೊಸದರ ಸ್ಪ್ರಿಂಗ್ ಇರುವ ಬದಿ ಒಳಗೆ, ಕ್ರ್ಯಾಂಕ್ ಕೇಸಿನ ಕಡೆ. ಕ್ರ್ಯಾಂಕಿನ ಕೀ ಕೂರುವ ಕಚ್ಚಿನ ಮೇಲೆ ತೆಳು ಟೇಪ್ ಸುತ್ತಿ, ತುಟಿಗೆ ಗ್ರೀಸ್ ಹಚ್ಚಿ ತಳ್ಳಿದೆ. ಟೇಪ್ ಇಲ್ಲದಿದ್ದರೆ ಆ ಕಚ್ಚಿನ ಚೂಪು ಅಂಚು ರಬ್ಬರನ್ನು ಬ್ಲೇಡಿನ ಹಾಗೆ ಕುಯ್ಯುತ್ತದೆ. ಸರಿ ಅಳತೆಯ ಸಾಕೆಟ್ ಇಟ್ಟು ಸುತ್ತಲೂ ಸಮವಾಗಿ ತಟ್ಟಿ ಕೂರಿಸಿದೆ. ಮತ್ತೆ 250ಕ್ಕೆ ಏರಿಸಿದೆ. ಕೈಕಾಲು ತೊಳೆದು ಬಂದು ನೋಡಿದಾಗಲೂ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ಇತ್ತು.

ಆಮೇಲೆ ಟ್ಯೂನಿಂಗ್. 45ರ ಜೆಟ್ಟನ್ನೇ ವಾಪಸ್ ಹಾಕಿದೆ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ, ಐಡ್ಲಿಂಗ್ ಚೂರು ಏರಿಸಿ, ಏರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತಾ ಬಂದೆ. ಪ್ರತಿ ಸಲ ಐದಾರು ಸೆಕೆಂಡು ಸುಮ್ನೆ ಕಾಯಬೇಕು, ಎಂಜಿನ್ ಉತ್ತರ ಕೊಡೋದು ತಡ. ಐಡ್ಲಿಂಗ್ ಅತಿ ಜೋರಾಗುವ ಜಾಗ, ಸ್ಕ್ರೂ ಪೂರ್ತಿ ಮುಚ್ಚಿದಲ್ಲಿಂದ ಒಂದೂವರೆ ಸುತ್ತು ಬಿಚ್ಚಿದಾಗ ಸಿಕ್ಕಿತು. ಒಂದು ಸುತ್ತಿಗಿಂತ ಕಮ್ಮಿಯಲ್ಲಿ ಸಿಕ್ಕಿದ್ದರೆ ಪೈಲಟ್ ಜೆಟ್ ದೊಡ್ಡದು ಬೇಕು ಅಂತ ಅರ್ಥ, ಎರಡೂವರೆ ದಾಟಿದರೆ ಚಿಕ್ಕದು ಸಾಕು ಅಂತ. ಇದು ಸ್ಕ್ರೂ ಏರ್ ಫಿಲ್ಟರ್ ಕಡೆ ಇರುವ ಕಾರ್ಬುರೇಟರಿನ ಮಾತು. ಎಂಜಿನ್ ಕಡೆ ಇದ್ದರೆ ಅದು ಪೆಟ್ರೋಲ್ ಮಿಕ್ಸ್ ಸ್ಕ್ರೂ, ಲೆಕ್ಕ ಉಲ್ಟಾ.

ಆಕ್ಸಿಲರೇಟರ್ ಹಿಡಿಯ ಮೇಲೆ ಬಿಳಿ ಟೇಪ್ ಅಂಟಿಸಿ ಎಂಟನೇ ಒಂದು, ಕಾಲು, ಅರ್ಧ ಅಂತ ಗೆರೆ ಹಾಕಿದ್ದೇನೆ. ಎಲ್ಲಿ ಮುಗ್ಗರಿಸಿತು ಅಂತ ನಮ್ಮ ಕೈ ಸರಿಯಾಗಿ ಹೇಳಲ್ಲ. ಅರ್ಧಕ್ಕೆ ಬಂತು ಅಂದುಕೊಂಡಿರುತ್ತೇವೆ, ಗೆರೆ ನೋಡಿದರೆ ಕಾಲೂ ದಾಟಿರಲ್ಲ. ಮೊದಲ ಗೆರೆಯೊಳಗೆ ತೊಂದರೆ ಇದ್ದರೆ ಪೈಲಟ್ ಜೆಟ್ ಮತ್ತು ಸ್ಲೈಡಿನ (ಗಾಳಿ ದಾರಿ ತೆರೆದು ಮುಚ್ಚುವ ತುಂಡು) ಓರೆಯಾಗಿ ಕತ್ತರಿಸಿದ ಅಂಚು ನೋಡಬೇಕು. ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಸೂಜಿ) ಮಾತಾಡುತ್ತದೆ. ಮೇನ್ ಜೆಟ್‌ಗೆ ನಾನು ವರ್ಷಗಳಿಂದ ಕೈ ಹಾಕಿಲ್ಲ. ಟ್ರಯಲ್ಸ್‌ನಲ್ಲಿ ಪೂರ್ತಿ ತಿರುಗಿಸುವ ಸಂದರ್ಭ ಬಂದರೆ ಅದು ಒಂದೆರಡು ಕ್ಷಣ ಅಷ್ಟೇ.

ಆಯಿಲ್ ಬಗ್ಗೆ ಎಲ್ಲರಿಗೂ ಒಂದೊಂದು ಮತ. ನಾನು ಲೀಟರ್ ಪೆಟ್ರೋಲಿಗೆ 15 ಎಂಎಲ್ ಫುಲ್ ಸಿಂಥೆಟಿಕ್ ಹಾಕುತ್ತೇನೆ, ಅಂದರೆ ಸುಮಾರು 67ಕ್ಕೆ 1. ಕಣ್ಣಳತೆ ಮಾಡಲ್ಲ, ಸಿರಿಂಜಿನಲ್ಲೇ ಅಳೆಯುತ್ತೇನೆ. ಆಯಿಲ್ ಜಾಸ್ತಿ ಹಾಕಿದರೆ ಮಿಕ್ಸ್ ರಿಚ್ (ಪೆಟ್ರೋಲ್ ಜಾಸ್ತಿ) ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಆಗೋದು ತದ್ವಿರುದ್ಧ: ಜೆಟ್ಟಿನಲ್ಲಿ ಹೋಗುವ ದ್ರವದಲ್ಲಿ ಆಯಿಲ್ ಪಾಲು ಏರಿದಷ್ಟೂ ಪೆಟ್ರೋಲ್ ಪಾಲು ಇಳಿಯುತ್ತದೆ, ಮಿಕ್ಸ್ ಲೀನ್ ಆಗುತ್ತದೆ. ಆಯಿಲ್ ಅಳತೆ ಬದಲಿಸಿದರೆ ಕಾರ್ಬುರೇಟರನ್ನೂ ಮತ್ತೆ ನೋಡಬೇಕು.

ನಿಧಾನವಾಗಿ ಓಡುವ ಎಂಜಿನ್ನಿಗೆ ಗಂಟಲಲ್ಲಿ ಕಫ ಕಟ್ಟುವುದು ಸಹಜ. ಸೆಕ್ಷನ್ ಒಳಗೆ ಹೋಗುವ ಮುಂಚೆ ಸವಾರರು ಒಂದು ಸಲ ರೇಸ್ ಮಾಡಿ ಗಂಟಲು ಸರಿ ಮಾಡಿಕೊಳ್ಳೋದು ಅದಕ್ಕೇ. ಸೈಲೆನ್ಸರಿನೊಳಗಿನ ಗ್ಲಾಸ್ ವುಲ್ ಎಣ್ಣೆ ಕುಡಿದು ಒದ್ದೆಯಾಗಿದ್ದರೆ ಜೆಟ್ಟಿಂಗ್ ಎಷ್ಟು ಮಾಡಿದರೂ ಎಂಜಿನ್ ಮಂಕಾಗೇ ಇರುತ್ತದೆ. ಅದನ್ನೂ ಮೊದಲೇ ನೋಡಿಬಿಡಿ.

ಕ್ಲಚ್ಚಿಗೆ ನನ್ನದು ಒಂದೇ ಅಭ್ಯಾಸ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಪ್ಲೇಟ್‌ಗಳು ಅಂಟಿರುತ್ತವೆ. ಸ್ಟಾರ್ಟ್ ಮಾಡುವ ಮೊದಲು ಗೇರ್ ಹಾಕಿ, ಕ್ಲಚ್ ಹಿಡಿದು ಹಿಂದೆ ಮುಂದೆ ತೂಗಬೇಕು, ಟಪ್ ಅಂತ ಬಿಡುತ್ತದೆ. ಟೈರ್ ಗಾಳಿ ಹಿಂದೆ 4 ಪಿಎಸ್ಐ, ಮುಂದೆ 6. ಮಾಮೂಲಿ ಗೇಜಿನಲ್ಲಿ ಇಷ್ಟು ಕಮ್ಮಿ ಸರಿಯಾಗಿ ಓದೋಕಾಗಲ್ಲ, ಕಮ್ಮಿ ಒತ್ತಡದ್ದೇ ಬೇಕು.

ಸೀಲ್ ಹಾಕಿದ ಮೇಲೆ ಅದೇ ಬಂಡೆಗೆ ಹೋದೆ. ಮುಂದಿನ ಚಕ್ರ ಇಳಿಯಿತು, ಕೈ ಬಿಟ್ಟೆ, ರೇಸೂ ಬಿದ್ದಿತು. ಎಡಕ್ಕೆ ತಿರುಗಿದೆ. ಕಾಲು ಊರಿದೆ, ಆದರೆ ಈ ಸಲ ತಪ್ಪು ನನ್ನದೇ. ಕ್ಲಚ್ ಕಡೆಯ ಸೀಲ್ ಇನ್ನೂ ಹಳೆಯದೇ ಇದೆ. ಒಂದೇ ವಯಸ್ಸಿನವು, ಅದೂ ಇವತ್ತಲ್ಲ ನಾಳೆ ಕೈ ಕೊಡುತ್ತದೆ. ಹೊಸದು ತಂದಿಟ್ಟಿದ್ದೇನೆ. ಅಲ್ಲಿಯವರೆಗೆ ಪ್ರತಿ ಭಾನುವಾರ ಗೇರ್ ಆಯಿಲ್ ಮಟ್ಟ ನೋಡುತ್ತಿದ್ದೇನೆ.