ಬಿಸ್ಕ್ ಬಿಟ್ಟೆ, ಕ್ಯಾಲೆಂಡರನ್ನು ಕಿಲ್ನ್ ಕೈಗೆ ಕೊಟ್ಟೆ

ಗ್ಲೇಜ್ (ಸುಟ್ಟಾಗ ಕರಗಿ ಗಾಜಿನ ಪದರ ಆಗುವ ಲೇಪ) ಹಚ್ಚುವ ಮೊದಲು ಪಾತ್ರೆಯನ್ನು ಒಮ್ಮೆ ಸುಡುವುದಕ್ಕೆ ಬಿಸ್ಕ್ ಅನ್ನುತ್ತಾರೆ. ಅದನ್ನು ಬಿಟ್ಟು ಹಸಿ ಪಾತ್ರೆಗೇ ಗ್ಲೇಜ್ ಹಚ್ಚಿ ಒಂದೇ ಸಲ ಸುಡುತ್ತೇನೆ ಅಂದಾಗ ಮಣ್ಣಿನ ಕೆಲಸ ಮಾಡುವ ಗೆಳೆಯರೆಲ್ಲ ಮೂಗು ಮುರಿದರು. ಕಿಲ್ನ್, ಅಂದರೆ ಪಾತ್ರೆ ಸುಡುವ ಗೂಡು, ಹಚ್ಚುವುದು ಇನ್ನು ಮೂರು ವಾರಕ್ಕೊಮ್ಮೆ ಮಾತ್ರ ಅಂದಾಗ ಇನ್ನೂ ಜಾಸ್ತಿ. ಕಲೆಗೆ ಟೈಮ್‌ಟೇಬಲ್ ಹಾಕಿದರೆ ಅದು ಫ್ಯಾಕ್ಟರಿ ಆಗುತ್ತದೆ, ಮನಸ್ಸು ಬಂದಾಗ ಮಾಡಿ ಮನಸ್ಸು ಬಂದಾಗ ಸುಡಬೇಕು ಅನ್ನುವುದು ಅವರ ವಾದ. ಈಗ ಎರಡು ವರ್ಷದ ಮೇಲಾಯಿತು, ಹೀಗೇ ನಡೆಸುತ್ತಿದ್ದೇನೆ. ಪಾತ್ರೆಯೊಂದಕ್ಕೆ ಬೀಳುವ ಕರೆಂಟು ಅರ್ಧಕ್ಕಿಂತ ಕೆಳಗಿಳಿದಿದೆ. ಮೂಗು ಮುರಿದವರಲ್ಲಿ ಇಬ್ಬರು ಈಗ ನನ್ನ ಫೈರಿಂಗ್ ಶೆಡ್ಯೂಲ್ ಕೇಳಿ ಬರೆದುಕೊಂಡು ಹೋಗಿದ್ದಾರೆ.

ಮೊದಲಿನ ಲೆಕ್ಕ ಹೇಳುತ್ತೇನೆ. ನನ್ನದು 200 ಲೀಟರ್ ಆಸುಪಾಸಿನ ಎಲೆಕ್ಟ್ರಿಕ್ ಕಿಲ್ನ್. ಬಿಸ್ಕ್‌ಗೆ 45 ಯೂನಿಟ್, ಕೋನ್ 10 ಗ್ಲೇಜ್‌ಗೆ ಹತ್ತಿರ ಹತ್ತಿರ 90 ಯೂನಿಟ್. ಕೋನ್ ಅಂದರೆ ಗೊತ್ತಾದ ಶಾಖಕ್ಕೆ ಬಾಗುವ ಪುಟ್ಟ ಶಂಕು; 10 ಅಂದರೆ 6ಕ್ಕಿಂತ ಹೆಚ್ಚು ಶಾಖ. ಬಿಸ್ಕ್‌ನಲ್ಲಿ ಒಂದರ ಮೇಲೊಂದು ಪೇರಿಸಬಹುದು, 90 ಪಾತ್ರೆ ಹಿಡಿಯುತ್ತಿತ್ತು. ಗ್ಲೇಜ್ ಫೈರಿಂಗ್‌ನಲ್ಲಿ ಆ ಅನುಕೂಲ ಇಲ್ಲ. ಅದರ ಮೇಲೆ ಆರ್ಡರ್ ಕೊಟ್ಟವರ ಅವಸರಕ್ಕೆ ಕಿಲ್ನ್ ಮುಕ್ಕಾಲೂ ತುಂಬದೆ ಹಚ್ಚುವುದೇ ರೂಢಿ. 55 ಕಪ್ಪು ಹೋದರೆ ದೊಡ್ಡದು. ಕೂಡಿಸಿದರೆ ಕಪ್ಪೊಂದಕ್ಕೆ ಎರಡು ಯೂನಿಟ್ ದಾಟುತ್ತಿತ್ತು. ಮಾರಿ ಬಂದ ದುಡ್ಡಿನಲ್ಲಿ ಮೂರರಲ್ಲೊಂದು ಪಾಲು ಕರೆಂಟು ಬಿಲ್ಲಿಗೇ ಹೋದ ತಿಂಗಳುಗಳಿವೆ.

ಬಿಸ್ಕ್ ಇಲ್ಲದೆ ಗ್ಲೇಜ್ ನಿಲ್ಲುವುದೇ ಇಲ್ಲ ಅನ್ನುವವರಿಗೆ ನಾನು ಚೀನಾದ ಪಿಂಗಾಣಿ ಊರು ಜಿಂಗ್‌ದೆಜೆನ್ ಕಡೆ ಕೈ ತೋರಿಸುತ್ತೇನೆ. ಅಲ್ಲಿಯ ನೀಲಿ-ಬಿಳಿ ಪಿಂಗಾಣಿಯನ್ನು ಹಸಿ ಮಣ್ಣಿನ ಮೇಲೇ ಚಿತ್ರ ಬರೆದು, ಗ್ಲೇಜ್ ಕೊಟ್ಟು, ಒಂದೇ ಸಲ ಸುಡುತ್ತಿದ್ದರು. ಜರ್ಮನಿಯ ಉಪ್ಪು-ಗ್ಲೇಜ್ ಕೊಟ್ಟ ಗಟ್ಟಿ ಮಣ್ಣಿನ ಪಾತ್ರೆ, ಅಂದರೆ ಸ್ಟೋನ್‌ವೇರ್ ಕೂಡ ಹಾಗೇ. ಬಿಸ್ಕ್ ನಮಗೆ ಅನುಕೂಲ, ನಿಜ. ಆದರೆ ಅದಿಲ್ಲದೆ ನಡೆಯುವುದೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಹಾಗಂತ ಸಲೀಸಾಗಿ ಆಗಲಿಲ್ಲ. ಮೊದಲ ಕೆಲವು ತಿಂಗಳು ಬರೀ ನಷ್ಟ. ಅಗಲ ಬಾಯಿಯ ಬಟ್ಟಲುಗಳು ಗ್ಲೇಜ್ ಬಕೆಟ್‌ನಲ್ಲಿ ಅದ್ದಿದ ಒಂದೆರಡು ನಿಮಿಷಕ್ಕೆ ಮೆತ್ತಗಾಗಿ ಅಂಚು ಕಳಚಿ ಬಿದ್ದವು. ಕಪ್ಪುಗಳ ಹಿಡಿ ಕೂಡಿಸಿದ ಜಾಗದಲ್ಲೇ ಕೂದಲೆಳೆಯಂಥ ಬಿರುಕು. ಕಪ್ಪಿನ ಗೋಡೆಗಿಂತ ಹಿಡಿ ಬೇಗ ನೀರು ಕುಡಿದು ಉಬ್ಬುತ್ತದೆ, ಬೇಗ ಒಣಗುತ್ತದೆ, ಜಗಳ ಅಲ್ಲೇ ಶುರು. ಇವೆಲ್ಲ ಸಣ್ಣ ನಷ್ಟ. ದೊಡ್ಡದು ಅಂದರೆ ದಪ್ಪ ತಳದ ಒಂದು ಹೂಜಿ ಕಿಲ್ನ್ ಒಳಗೆ ಸಿಡಿದದ್ದು. ಬಿಸ್ಕ್‌ನಲ್ಲಿ ಸಿಡಿದರೆ ಚೂರು ಗುಡಿಸಿ ಹಾಕಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಸುತ್ತಲಿನ ಎಲ್ಲಾ ಪಾತ್ರೆಗಳ ಮೇಲೂ ಚೂರು ಬಿದ್ದು, ಗ್ಲೇಜ್ ಕರಗಿದಾಗ ಅಲ್ಲೇ ಬೆಸೆದುಕೊಂಡು ಕೂತವು. ಎರಡು ಶೆಲ್ಫ್ ಹಾಳು, ಒಂದು ತಿಂಗಳ ದುಡಿಮೆ ಪೂರ್ತಿ ಮಣ್ಣುಪಾಲು. ಬಿಟ್ಟುಬಿಡು ಅಂತ ಮನೆಯಲ್ಲೂ ಹೇಳಿದರು.

ಸರಿ ಹೋದದ್ದು ಮೂರು ಕಡೆ. ಮೊದಲನೆಯದು ಗ್ಲೇಜ್. ಪಾತ್ರೆ ಒಣಗುತ್ತಾ ಕುಗ್ಗುವಾಗ ಗ್ಲೇಜ್ ಕೂಡ ಜೊತೆಗೆ ಕುಗ್ಗಬೇಕು. ಅದಕ್ಕೆ ನೂರಕ್ಕೆ 20ರಿಂದ 25 ಪಾಲು ಕೆಯೊಲಿನ್ (ಬಿಳಿ ಜೇಡಿ), ಎರಡು ಪಾಲು ಬೆಂಟೊನೈಟ್ (ತುಂಬಾ ಅಂಟಿನ ಜೇಡಿ). ಮೂಳೆಯಂತೆ ಪೂರ್ತಿ ಒಣಗಿದ ಮೇಲೆ ಹಚ್ಚುವುದನ್ನು ಬಿಟ್ಟೆ. ಚರ್ಮದ ಹದ (ಅರೆ ಒಣಗಿ ಗಟ್ಟಿಯಾದ ಸ್ಥಿತಿ) ಇನ್ನೇನು ಮುಗಿಯಿತು, ಬೆರಳಿಗೆ ತಂಪು ಮಾತ್ರ ತಗಲುತ್ತದೆ, ಉಗುರು ಒತ್ತಿದರೆ ಗುರುತು ಬೀಳುವುದಿಲ್ಲ, ಆ ಹೊತ್ತಿಗೆ ಒಳಗಡೆ ಸುರಿಯುತ್ತೇನೆ. ಹೊರಗಡೆ ಮರುದಿನ. ಒಂದೇ ದಿನ ಎರಡೂ ಬೇಡ. ಫ್ರಿಟ್ (ಮೊದಲೇ ಕರಗಿಸಿ ಪುಡಿ ಮಾಡಿದ ಗಾಜು) ಎಷ್ಟು ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹಿಡಿಯ ಬಿರುಕು ನಿಲ್ಲಿಸಿದ ಉಪಾಯವೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಅದಕ್ಕೆ ತುಂಬಾ ಕಪ್ಪು ತೆತ್ತಿದ್ದೇನೆ.

ಎರಡನೆಯದು ಏರಿಕೆ. ರಾತ್ರಿಯೆಲ್ಲ 90 ಡಿಗ್ರಿ ದಾಟದಂತೆ ಹಿಡಿಯುವುದು. ಆಮೇಲೆ 573ರ ಕ್ವಾರ್ಟ್ಜ್ ತಿರುವು (ಮಣ್ಣಿನೊಳಗಿನ ಕ್ವಾರ್ಟ್ಜ್ ಹರಳು ತಟ್ಟನೆ ಹಿಗ್ಗುವ ಹಂತ) ಇದ್ದೇ ಇದೆ. ಅದಕ್ಕಿಂತ ಇಲ್ಲಿ ಮುಖ್ಯ 700ರಿಂದ 900ರ ನಡುವಿನ ದಾರಿ. ಬಿಸ್ಕ್‌ನಲ್ಲಿ ಸುಟ್ಟು ಹೋಗಬೇಕಿದ್ದ ಕಾರ್ಬನ್ ಇಲ್ಲೇ ಹೋಗಬೇಕು, ಗ್ಲೇಜ್ ಕರಗಿ ಬಾಗಿಲು ಹಾಕುವ ಮೊದಲೇ. ಪೀಪ್‌ಹೋಲ್ (ಒಳಗೆ ಇಣುಕುವ ತೂತು) ತೆರೆದಿಟ್ಟು ನಿಧಾನವಾಗಿ ಏರಿಸುತ್ತೇನೆ. ಇಲ್ಲಿ ಅವಸರ ಮಾಡಿದ ಲೋಡ್‌ಗಳಲ್ಲಿ ಪಾತ್ರೆ ಒಡೆದು ನೋಡಿದರೆ ನಡುವೆ ಕರಿ ಪಟ್ಟೆ, ಮೇಲೆ ಸೂಜಿ ತೂತು.

ಮೂರನೆಯದು ಕೋನ್ 10 ಬಿಟ್ಟು ಕೋನ್ 6ಕ್ಕೆ ಇಳಿದದ್ದು. ಸ್ಟೋನ್‌ವೇರ್ ಅಂದರೆ ಕೋನ್ 10 ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿ. ನನ್ನ ಮೀಟರ್ ನೋಡಿದರೆ ಆ ಕೊನೆಯ ಅರವತ್ತು ಎಪ್ಪತ್ತು ಡಿಗ್ರಿಗಳೇ ಅತಿ ದುಬಾರಿ. ಗೋಡೆಯಿಂದ ಶಾಖ ಸೋರುವುದು ಆಗಲೇ ಜಾಸ್ತಿ, ಕಾಯಿಸುವ ತಂತಿಸುರುಳಿ, ಅಂದರೆ ಕಾಯಿಲ್, ಎಷ್ಟು ಉರಿದರೂ ಮುಳ್ಳು ಮೇಲೇಳುವುದಿಲ್ಲ. ಈಗ ಕೋನ್ 6ರ ಪಟ್ಟಿಯ 1222 ಡಿಗ್ರಿ ತನಕ ಕೂಡ ಹೋಗುವುದಿಲ್ಲ. 1205ರ ಹತ್ತಿರ ಸುಮಾರು ಅರ್ಧ ಗಂಟೆ ಹಿಡಿದರೆ ಕೋನ್ 6 ಚೆನ್ನಾಗಿ ಬಾಗುತ್ತದೆ. ಕಂಟ್ರೋಲರ್ ಅಂಕಿ ತೋರಿಸಿ ವಾದಿಸುವವರ ಮುಂದೆ ಬಾಗಿದ ಕೋನ್ ಇಡುತ್ತೇನೆ, ಅಷ್ಟೇ. ಮಣ್ಣು ಮಾತ್ರ ಕೋನ್ 6ಕ್ಕೆ ಮಾಗುವಂಥದ್ದೇ ಬೇಕು. ಹಳೆಯ ಕೋನ್ 10 ಮಣ್ಣಿಟ್ಟು ನೋಡಿದರೆ ನೀರು ಒಸರುತ್ತದೆ.

ಈಗ ಟೈಮ್‌ಟೇಬಲ್ ವಿಷಯ. ಎರಡು ವಾರ ಚಕ್ರ, ಹಿಡಿ, ಗ್ಲೇಜ್ ಎಲ್ಲಾ ಒಂದರ ಹಿಂದೆ ಒಂದು. ಹಸಿಗೇ ಗ್ಲೇಜ್ ಆಗುವುದರಿಂದ ಅದಕ್ಕೇ ಅಂತ ಬೇರೆ ವಾರ ಇಲ್ಲ. ಮೂರನೇ ವಾರ ಒಣಗಿಸಿ, ತುಂಬಿಸಿ, ಸುಡುವುದು. ಕಿಲ್ನ್ ಪೂರ್ತಿ ತುಂಬದಿದ್ದರೆ ಹಚ್ಚುವುದಿಲ್ಲ, ಯಾರೇ ಕೇಳಲಿ. ಮೊದಮೊದಲು ಕೆಲವು ಗಿರಾಕಿಗಳು ಕೈಬಿಟ್ಟು ಹೋದರು, ಅದು ನೋವಾಯಿತು. ಉಳಿದವರು ಈಗ ಕಿಲ್ನ್ ತೆರೆಯುವ ದಿನ ಕೇಳಿಕೊಂಡು ಬರುತ್ತಾರೆ.

ತುಂಬಿಸುವುದಕ್ಕಾಗಿ ಪಾತ್ರೆಗಳ ಆಕಾರವನ್ನೇ ಬದಲಿಸಿದೆ. ಎಲ್ಲಾ ಕಪ್ಪು, ಬಟ್ಟಲು ಎರಡೇ ಎತ್ತರ. ಶೆಲ್ಫ್ ಕಡಿಮೆ, ನಡುವೆ ಖಾಲಿ ಜಾಗ ಇಲ್ಲ. ಶೆಲ್ಫನ್ನೂ ಅದನ್ನು ಎತ್ತಿ ಹಿಡಿಯುವ ಪೋಸ್ಟನ್ನೂ 1200ಕ್ಕೆ ಕಾಯಿಸಲು ಹೋಗುವ ಕರೆಂಟು ಕಡಿಮೆಯದಲ್ಲ, ತೂಕ ಹಾಕಿ ನೋಡಿ. ಈಗ ಒಂದು ಲೋಡ್‌ಗೆ 95ರ ಹತ್ತಿರ ಹಿಡಿಯುತ್ತದೆ, ಸುಮಾರು 75 ಯೂನಿಟ್. ಎರಡೇ ಎತ್ತರ ಅಂದರೆ ಕೈ ಕಟ್ಟಿದ ಹಾಗಲ್ವಾ ಅಂತ ಕೇಳುತ್ತಾರೆ. ನನಗೆ ಉಲ್ಟಾ ಆಯಿತು. ಎತ್ತರದ ಯೋಚನೆ ಹೋದ ಮೇಲೆ ಗಮನವೆಲ್ಲ ಹೊಟ್ಟೆಯ ತಿರುವು, ಅಂಚಿನ ದಪ್ಪ, ಪಾದದ ಮೇಲೆ ನಿಂತಿತು. ಈಗಿನ ನನ್ನ ಬಟ್ಟಲುಗಳ ಅಂಚು ಹಿಂದೆಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ.

ಇದರ ಜೊತೆ ನಾನು ಎಣಿಸಿರದ ಒಂದು ಲಾಭವೂ ಬಂತು. ಹೊಳಪಿಲ್ಲದ ಮ್ಯಾಟ್ ಗ್ಲೇಜ್‌ಗೆ ನಿಧಾನ ಕೂಲಿಂಗ್ ಬೇಕು ಅಂತ ಎಲ್ಲರೂ ಪ್ರೋಗ್ರಾಂ ಹಾಕಿ ಇಳಿಕೆಯಲ್ಲೂ ಕರೆಂಟು ಕೊಡುತ್ತೇವೆ. ಕಿಲ್ನ್ ಗಿಡಿದು ತುಂಬಿದರೆ ಒಳಗಿನ ತೂಕವೇ ಶಾಖ ಹಿಡಿದಿಡುತ್ತದೆ. ನನ್ನ ಕಬ್ಬಿಣದ ಕಂದು ಮ್ಯಾಟ್‌ನಲ್ಲಿ ಈಗ ಸಣ್ಣ ಹರಳುಗಳು ತಾವಾಗೇ ಏಳುತ್ತವೆ, ಇಳಿಕೆಗೆ ಒಂದು ಯೂನಿಟ್ಟೂ ಕೊಡದೆ. ಅರ್ಧ ತುಂಬಿದ ಕಿಲ್ನ್‌ನಲ್ಲಿ ಅದೇ ಗ್ಲೇಜ್ ಸುಮ್ನೆ ಹೊಳಪಾಗಿ ಬರುತ್ತಿತ್ತು.

ಹಚ್ಚುವ ಹೊತ್ತಿನ ಬಗ್ಗೆಯೂ ಒಂದು ಮಾತು. ಬೆಳಿಗ್ಗೆ ಹಚ್ಚಿ ರಾತ್ರಿ ಆರಿಸುವುದು ನಮ್ಮೆಲ್ಲರ ಅಭ್ಯಾಸ. ಹಾಗೆ ಮಾಡಿದರೆ ಕಷ್ಟದ ಏರಿಕೆ ಸರಿಯಾಗಿ ಸಂಜೆಗೆ ಬೀಳುತ್ತದೆ, ಎಲ್ಲರ ಮನೆಯ ದೀಪವೂ ಉರಿಯುವ ಹೊತ್ತು. ವೋಲ್ಟೇಜ್ ಶೇಕಡ 10 ಬಿದ್ದರೆ ಕಾಯಿಲ್‌ನ ಶಕ್ತಿ ಬೀಳುವುದು ಶೇಕಡ 19, ಯಾಕೆಂದರೆ ಲೆಕ್ಕ ವೋಲ್ಟೇಜ್‌ನ ವರ್ಗದ್ದು. ಕಿಲ್ನ್ ಅಲ್ಲೇ ತೆವಳುತ್ತದೆ, ತೆವಳಿದಷ್ಟು ಹೊತ್ತೂ ಗೋಡೆ ಸೋರುತ್ತದೆ. ನಾನು ಸಂಜೆ 90 ಡಿಗ್ರಿಯ ಒಣಗಿಸುವಿಕೆ ಶುರು ಮಾಡಿ, ನಸುಕಿಗೆ ಏರಿಕೆಗೆ ಬಿಡುತ್ತೇನೆ. ಸಂಜೆಯ ಪೀಕ್ ಬರುವ ಮೊದಲೇ ಕೋನ್ ಬಾಗಿರುತ್ತದೆ. ಇದರಿಂದಲೇ ಗಂಟೆಗಟ್ಟಲೆ ಉಳಿಯಿತು. ರಾತ್ರಿ ಕರೆಂಟೇ ಅಗ್ಗ ಅನ್ನುವ ಮಾತನ್ನೂ ಕಣ್ಣು ಮುಚ್ಚಿ ನಂಬಬೇಡಿ. ಸೋಲಾರ್ ಜಾಸ್ತಿ ಇರುವ ಗ್ರಿಡ್‌ಗಳಲ್ಲಿ ಈಗ ಮಧ್ಯಾಹ್ನವೇ ಅಗ್ಗ. ನಿಮ್ಮ ದರಪಟ್ಟಿ ಮುಂದಿಟ್ಟುಕೊಂಡು 900ರ ಮೇಲಿನ ಏರಿಕೆಯನ್ನು ಅದಕ್ಕೆ ಹೊಂದಿಸಿ.

ನಡುವೆ ಬೇರೆ ಪ್ರಯೋಗಗಳೂ ಆದವು. ಒಳಗೋಡೆಗೆ ಶಾಖ ಹಿಂತಿರುಗಿಸುವ ಲೇಪ ಹಚ್ಚಿದೆ. ದುಡ್ಡು ಹೋಯಿತು, ಮೀಟರ್ ಅಲುಗಲಿಲ್ಲ. ಮುಚ್ಚಳದ ಮೇಲೆ ಸೆರಾಮಿಕ್ ಫೈಬರ್ ಹಾಸಿದ್ದು ಸ್ವಲ್ಪ ಕೆಲಸ ಮಾಡಿತು, ಆದರೆ ಅದರ ಧೂಳು ಶ್ವಾಸಕ್ಕೆ ಕೆಟ್ಟದ್ದು, ತೆಗೆದುಬಿಟ್ಟೆ. ನಿಜವಾಗಿ ಲಾಭ ಕೊಟ್ಟದ್ದು ಆರುತ್ತಿರುವ ಕಿಲ್ನ್. 200ಕ್ಕೆ ಇಳಿದ ಮೇಲೆ ಅದರ ಸುತ್ತ ರ್‍ಯಾಕ್ ನಿಲ್ಲಿಸಿ ಮುಂದಿನ ಲೋಡ್‌ನ ಮೊದಲ ಪಾತ್ರೆಗಳನ್ನು ಒಣಗಿಸುತ್ತೇನೆ. ತೇವದ ದಿನಗಳಲ್ಲಿ ಇದು ದೊಡ್ಡ ಉಪಕಾರ. ಕಾಯಿಲ್‌ಗಳ ಓಮ್ (ರೆಸಿಸ್ಟೆನ್ಸ್) ಕೂಡ ಆಗಾಗ ಅಳೆಯಿರಿ. ಹೊಸದಕ್ಕಿಂತ ಶೇಕಡ 10 ಏರಿದರೆ ಬದಲಿಸುವುದೇ ಒಳ್ಳೆಯದು. ಕೋನ್ 6ಕ್ಕೆ ಇಳಿದ ಮೇಲೆ ನನ್ನ ಕಾಯಿಲ್ ಸೆಟ್ ಮೊದಲಿಗಿಂತ ಹತ್ತಿರ ಎರಡು ಪಟ್ಟು ಬಾಳಿಕೆ ಬರುತ್ತಿದೆ, ಆ ಉಳಿತಾಯವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ.

ಶುರು ಮಾಡುವವರು ಕಪ್ಪಿನಿಂದ ಮಾಡಬೇಡಿ. ಹಿಡಿ ಇಲ್ಲದ, ಗೋಡೆ ಒಂದೇ ದಪ್ಪ ಇರುವ ಲೋಟಗಳಿಂದ ಮಾಡಿ. ದಪ್ಪ ತಳದ್ದು ಏನಿದ್ದರೂ ಮೊದಲ ಕೆಲವು ಲೋಡ್‌ಗಳಿಂದ ದೂರ ಇಡಿ. ಅಗಲ ತಟ್ಟೆಗಳಿಗೆ ನಾನು ಇನ್ನೂ ಬಿಸ್ಕ್ ಮಾಡುತ್ತೇನೆ, ವರ್ಷಕ್ಕೆ ಮೂರೋ ನಾಲ್ಕೋ ಸಲ. ಅದ್ದುವ ಬದಲು ಸ್ಪ್ರೇ ಮಾಡಿ ನೋಡುತ್ತಿದ್ದೇನೆ. ಸಣ್ಣ ತಟ್ಟೆಗಳು ಸರಿಯಾಗಿ ಬಂದಿವೆ, ದೊಡ್ಡವು ಈ ಸಲದ ಲೋಡ್‌ನಲ್ಲಿ ಹೋಗುತ್ತಿವೆ.