ಇಲ್ಲದ ಕೋಳಿಗಳ ಗೂಡಿಗೆ ಬಾಗಿಲು ಹಾಕಿದ ಒಂದು ತಿಂಗಳು

ಹಿತ್ತಲಿನಲ್ಲಿ ಕೋಳಿ ಸಾಕುವ ಮಾತು ನಮ್ಮ ಮನೆಯಲ್ಲಿ ಮೊದಲು ಎದ್ದಾಗ ಎಲ್ಲರ ಕಣ್ಣಿಗೂ ಕಂಡದ್ದು ಮೊಟ್ಟೆ ಮಾತ್ರ. ಆರು ಹೇಂಟೆಗಳಿದ್ದರೆ ದಿನಕ್ಕೆ ನಾಲ್ಕೈದು ಮೊಟ್ಟೆಗೆ ಮೋಸವಿಲ್ಲ ಎಂದು ಲೆಕ್ಕ ಹಾಕಿ, ಗೂಡಿನ ಚಿತ್ರವನ್ನೂ ಬರೆದಾಗಿತ್ತು. ಕೋಳಿಗಳನ್ನು ತರುವ ಹೊಣೆ ನನ್ನ ಮೇಲೆ ಬಿದ್ದದ್ದರಿಂದ, ತರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸಲು ಎರಡು ತಿಂಗಳ ಗಡುವು ಕೇಳಿ ಪಡೆದೆ.

ಮೊದಲು ಮಾಡಿದ್ದು ಅಳತೆ. ನಮ್ಮ ಹಿತ್ತಲು 30 ಅಡಿ ಉದ್ದ, 20 ಅಡಿ ಅಗಲ. 600 ಚದರ ಅಡಿ ಎಂದರೆ ಧಾರಾಳವೆಂದೇ ಅನಿಸುತ್ತದೆ. ಆದರೆ ಬಟ್ಟೆ ಒಣಗಿಸುವ ಜಾಗ, ತರಕಾರಿ ಮಡಿಗಳು, ಓಡಾಡುವ ದಾರಿ ಇವನ್ನು ಕಳೆದು, ಪಕ್ಕದ ಮನೆಯ ಕಿಟಕಿಗೆ ತಾಗುವ ಪಟ್ಟಿಯನ್ನೂ ಬಿಟ್ಟ ಮೇಲೆ ಉಳಿದದ್ದು ಮರದ ನೆರಳು ಬೀಳುವ 10 ಅಡಿಗೆ 8 ಅಡಿಯ ಒಂದು ಮೂಲೆ. ನೆರಳಿನ ಮೂಲೆಯೇ ಸಿಕ್ಕಿದ್ದು ಅದೃಷ್ಟ, ಏಕೆಂದರೆ ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಿಸಿಲೇರಿದರೆ ಬಾಯಿ ತೆರೆದು ಏದುಸಿರು ಬಿಡುವುದು ಮತ್ತು ರೆಕ್ಕೆಗಳನ್ನು ಮೈಯಿಂದ ದೂರ ಹಿಡಿಯುವುದು ಬಿಟ್ಟರೆ ಅದಕ್ಕೆ ಹೆಚ್ಚಿನ ದಾರಿಯಿಲ್ಲ. ಒಂದು ಕೋಳಿಗೆ ರಾತ್ರಿಯ ಗೂಡಿನಲ್ಲಿ ಸುಮಾರು 4 ಚದರ ಅಡಿ, ಹಗಲು ಅಡ್ಡಾಡುವ ಬೇಲಿಯೊಳಗೆ ಸುಮಾರು 10 ಚದರ ಅಡಿ ಇರಲಿ ಎಂಬುದು ಸಾಕುವವರ ನಡುವೆ ರೂಢಿಯಲ್ಲಿರುವ ಅಳತೆ. ಆ ಪ್ರಕಾರ ಆರಕ್ಕೆ 84 ಚದರ ಅಡಿ ಬೇಕು, ಇದ್ದದ್ದು 80. ನಾಲ್ಕು ಅಡಿಯ ಕೊರತೆ ತಾನೆ ಎಂದು ಮನೆಯಲ್ಲಿ ವಾದ ಬಂತು. ಇಕ್ಕಟ್ಟಿನಲ್ಲಿರುವ ಕೋಳಿಗಳು ಒಂದರ ಗರಿಯನ್ನೊಂದು ಕುಕ್ಕಿ ಕೀಳುತ್ತವೆ, ರಕ್ತ ಕಂಡರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಕುಕ್ಕುತ್ತವೆ ಎಂದು ವಿವರಿಸಿ, ಸಂಖ್ಯೆಯನ್ನು ಮೂರಕ್ಕೆ ಇಳಿಸಿದೆ. ಎರಡೇ ಸಾಕೆನ್ನಬಹುದಿತ್ತು, ಆದರೆ ಕೋಳಿ ಗುಂಪಿನಲ್ಲಿ ಬಾಳುವ ಪ್ರಾಣಿ, ಎರಡರಲ್ಲಿ ಒಂದು ಸತ್ತರೆ ಉಳಿದದ್ದು ಒಂಟಿಯಾಗುತ್ತದೆ.

ಅಳತೆಗಿಂತ ಹೆಚ್ಚು ಕಲಿಸಿದ್ದು ಎರಡನೆಯ ಪರೀಕ್ಷೆ. ಕೋಳಿಗಳು ಈಗಾಗಲೇ ಬಂದಿವೆ ಎಂದುಕೊಂಡು 30 ದಿನ ನಡೆದುಕೊಳ್ಳಲು ನಿರ್ಧರಿಸಿದೆ. ಬೆಳಕು ಹರಿಯುತ್ತಲೇ ಹಿತ್ತಲಿಗೆ ಹೋಗಿ ಒಂದು ಪಾತ್ರೆಗೆ ಹೊಸ ನೀರು ತುಂಬುವುದು, ಕತ್ತಲಾಗುವಾಗ ಮತ್ತೆ ಹೋಗಿ, ಇಲ್ಲದ ಗೂಡಿನ ಬಾಗಿಲು ಹಾಕಿದಂತೆ ಮಾಡಿ, ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು. ಮನೆಯವರು ನಕ್ಕರು, ನಗುವಂಥದ್ದೇ ಆಗಿತ್ತು. ತಿಂಗಳ ಕೊನೆಗೆ ಎಣಿಸಿದರೆ ಬೆಳಗಿನ ಸರದಿ ಒಮ್ಮೆಯೂ ತಪ್ಪಿರಲಿಲ್ಲ, ಸಂಜೆಯದು ಆರು ಬಾರಿ ತಪ್ಪಿತ್ತು. ಕೆಲಸದಿಂದ ಬರುವುದು ತಡವಾದದ್ದು ನಾಲ್ಕು ಸಲ, ಊರಿನಲ್ಲಿಲ್ಲದ್ದು ಎರಡು ಸಲ. ಕತ್ತಲಾದ ಮೇಲೆ ಕೋಳಿಗೆ ಕಣ್ಣು ಅಷ್ಟಾಗಿ ಕಾಣಿಸದು, ಅಡ್ಡೆಯ ಮೇಲೆ ಕೂತದ್ದು ಕೂತಲ್ಲೇ ಇರುತ್ತದೆ. ತೆರೆದ ಬಾಗಿಲಿನ ಒಂದು ರಾತ್ರಿ ನಾಯಿಗೋ ಬೆಕ್ಕಿಗೋ ಸಾಕು. ನನ್ನಿಂದ ತಿಂಗಳಿಗೆ ಅಂಥ ಆರು ರಾತ್ರಿಗಳು ಆಗುತ್ತವೆಂದು ಕಾಗದದ ಮೇಲೆ ಕಂಡಾಗ, ಬೇಡವೆಂದು ಬಿಡುವ ಹಂತಕ್ಕೆ ಬಂದಿದ್ದೆ.

ಬಿಡುವ ಬದಲು ಗೂಡಿನ ನಕ್ಷೆಯನ್ನು ಬದಲಿಸಿದೆ. ಗೂಡು ಮಾತ್ರ ಭದ್ರವಾಗಿರಬೇಕೆಂಬ ಮೊದಲಿನ ಯೋಜನೆಯನ್ನು ಕೈಬಿಟ್ಟು, ಹಗಲಿನ ಅಂಗಳವನ್ನೂ ನಾಲ್ಕೂ ಬದಿಗೆ ಮತ್ತು ಮೇಲೆ ಅರ್ಧ ಇಂಚು ಕಣ್ಣಿನ ಬೆಸುಗೆ ಜಾಲರಿಯಿಂದ ಮುಚ್ಚಿದೆ. ತೆಳು ತಂತಿಯ ಆರು ಮೂಲೆ ಕಣ್ಣಿನ ಬಲೆ ಅಗ್ಗವೇನೋ ಹೌದು, ಆದರೆ ಅದು ಕೋಳಿಯನ್ನು ಒಳಗಿಡುತ್ತದೆಯೇ ಹೊರತು ನಾಯಿಯನ್ನು ಹೊರಗಿಡುವುದಿಲ್ಲ. ತಳದಲ್ಲಿ ಜಾಲರಿಯನ್ನು ಒಂದು ಅಡಿಯಷ್ಟು ಹೊರಮುಖವಾಗಿ ಮಡಚಿ ಮಣ್ಣು ಮುಚ್ಚಿದ್ದರಿಂದ, ಬೇಲಿಯ ಬುಡಕ್ಕೆ ಬಂದು ಕೆರೆಯುವ ಪ್ರಾಣಿಗೆ ಜಾಲರಿಯೇ ಅಡ್ಡ ಬರುತ್ತದೆ. ಹೀಗಾಗಿ ಒಂದು ಸಂಜೆ ಗೂಡಿನ ಬಾಗಿಲು ಮರೆತರೂ ಕೋಳಿಗಳು ಉಳಿಯುತ್ತವೆ. ಊರಿನಲ್ಲಿಲ್ಲದ ದಿನಗಳಿಗೆ ಪಕ್ಕದ ಮನೆಯವರನ್ನು ಒಪ್ಪಿಸಿದೆ. ಅವರ ಆತಂಕವಿದ್ದದ್ದು ಹುಂಜದ ಕೂಗಿನ ಬಗ್ಗೆ. ಮರಿ ಮಾಡಿಸುವ ಉದ್ದೇಶವಿಲ್ಲದಿದ್ದರೆ ಹುಂಜವೇ ಬೇಕಿಲ್ಲ, ಹೇಂಟೆಗಳು ಅದಿಲ್ಲದೆಯೂ ಮೊಟ್ಟೆಯಿಡುತ್ತವೆ ಎಂದ ಮೇಲೆ ಸಮಾಧಾನವಾಯಿತು. ಸ್ಥಳೀಯ ಆಡಳಿತದ ನಿಯಮವನ್ನು ಬಾಯಿಮಾತಿಗೆ ಬಿಡದೆ ಲಿಖಿತವಾಗಿ ಕೇಳಿ ಉತ್ತರ ಪಡೆದೆ.

ಕೊನೆಗೆ ಉಳಿದದ್ದು, ಯಾರೂ ಮಾತನಾಡಲು ಇಷ್ಟಪಡದ ಲೆಕ್ಕ. ಹೇಂಟೆ ಸುಮಾರು 20 ವಾರಗಳ ವಯಸ್ಸಿಗೆ ಮೊಟ್ಟೆಯಿಡಲು ತೊಡಗುತ್ತದೆ, ಮೊದಲ ಎರಡು ವರ್ಷ ಚೆನ್ನಾಗಿ ಇಡುತ್ತದೆ, ಆಮೇಲೆ ವರ್ಷದಿಂದ ವರ್ಷಕ್ಕೆ ಇಳಿಮುಖ. ಹಗಲು ಕಿರಿದಾದಾಗಲೂ ಗರಿ ಉದುರಿಸಿ ಹೊಸ ಗರಿ ಹಾಕುವ ವಾರಗಳಲ್ಲಿಯೂ ಮೊಟ್ಟೆ ಕಡಿಮೆಯಾಗುತ್ತದೆ ಅಥವಾ ನಿಂತೇಬಿಡುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡ ಕೋಳಿ ಆರೇಳು ವರ್ಷ ಬದುಕಬಲ್ಲದು, ಆ ಅಷ್ಟೂ ವರ್ಷ ದಿನಕ್ಕೆ 100ರಿಂದ 120 ಗ್ರಾಂ ಆಹಾರ ತಿನ್ನುತ್ತದೆ. ಮೂರಕ್ಕೆ ತಿಂಗಳಿಗೆ ಹತ್ತು ಕಿಲೋ ಎಂದಿಟ್ಟುಕೊಂಡು, ಮೊಟ್ಟೆಯ ವರ್ಷಗಳನ್ನೂ ಮುಪ್ಪಿನ ವರ್ಷಗಳನ್ನೂ ಒಟ್ಟಿಗೆ ಕೂಡಿಸಿದರೆ, ನಮ್ಮ ಮೊಟ್ಟೆ ಅಂಗಡಿಯದಕ್ಕಿಂತ ದುಬಾರಿ. ಉಳಿತಾಯಕ್ಕೆಂದು ಹಿತ್ತಲಿನಲ್ಲಿ ಕೋಳಿ ಸಾಕಲು ಹೊರಟವರಿಗೆ ನಾನು ಬೇಡವೆಂದೇ ಹೇಳುವೆ. ಮೊಟ್ಟೆ ನಿಲ್ಲಿಸಿದ ಕೋಳಿಯನ್ನು ಏನು ಮಾಡುವುದೆಂಬ ಪ್ರಶ್ನೆಯನ್ನು, ಅದಕ್ಕೊಂದು ಹೆಸರಿಡುವ ಮೊದಲೇ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಬೇಕು. ಕೆಲವರು ಅಡುಗೆಮನೆಗೆ ಕಳಿಸುತ್ತಾರೆ, ಅದರಲ್ಲಿ ತಪ್ಪು ಹುಡುಕಲು ನಾನು ಹೋಗುವುದಿಲ್ಲ; ನಾವು ಕೊನೆಯವರೆಗೆ ಇಟ್ಟುಕೊಳ್ಳುವುದೆಂದು ಒಪ್ಪಿಕೊಂಡೆವು. ಆ ಒಪ್ಪಿಗೆ ಬಂದ ಮರುದಿನ ಗೂಡಿನ ಕೆಲಸ ಆರಂಭಿಸಿದೆ.

ಇಷ್ಟೆಲ್ಲ ಅಳೆದರೂ ಒಂದು ಅಂದಾಜು ಪೂರ್ತಿ ತಪ್ಪಿತು. ಅಂಗಳದ ಹುಲ್ಲು ಹಾಗೇ ಉಳಿಯುತ್ತದೆ ಎಂದುಕೊಂಡಿದ್ದೆ. ಮೂರು ಕೋಳಿಗಳು ಅದನ್ನು ಮೂರೇ ವಾರಗಳಲ್ಲಿ ಕೆದಕಿ ಬರಿಯ ಮಣ್ಣು ಮಾಡಿದವು, ಮೊದಲ ಜೋರು ಮಳೆಗೆ ಆ ಮಣ್ಣು ಹಿಕ್ಕೆಯೊಡನೆ ಕಲಸಿ ಕೆಸರಾಯಿತು, ಮೂಗಿಗೆ ಅಮೋನಿಯದ ಘಾಟು ಹತ್ತಿತು. ನೆರೆಯವರು ಏನೂ ಅನ್ನಲಿಲ್ಲ. ಕಿಟಕಿ ಮುಚ್ಚಿದ್ದು ಮಾತ್ರ ಕಂಡಿತು. ವಾಸನೆಗೆ ಮುಖ್ಯ ಕಾರಣ ತೇವ ಎಂಬುದು ಆಗ ತಿಳಿದು, ಅರ್ಧ ಭಾಗಕ್ಕೆ ತಗಡು ಹೊದಿಸಿ, ನೆಲಕ್ಕೆ ಒಣ ಎಲೆ ಮತ್ತು ಮರದ ಹೊಟ್ಟನ್ನು ಆರು ಇಂಚು ದಪ್ಪಕ್ಕೆ ಹರಡಿದೆ. ಕೋಳಿಗಳೇ ಅದನ್ನು ದಿನವೂ ಕೆದಕಿ ತಿರುವುತ್ತವೆ. ಕೆಲವು ತಿಂಗಳಿಗೊಮ್ಮೆ ಅದನ್ನು ತೆಗೆದು ಗೊಬ್ಬರದ ಗುಂಡಿಗೆ ಹಾಕಿ, ಚೆನ್ನಾಗಿ ಕೊಳೆತ ಮೇಲೆ ತರಕಾರಿ ಮಡಿಗೆ ಬಳಸುತ್ತೇನೆ. ಹಸಿ ಹಿಕ್ಕೆಯನ್ನು ನೇರವಾಗಿ ಹಾಕಿದರೆ ಗಿಡ ಸುಡುತ್ತದೆ, ಅದರಲ್ಲಿ ಸಾಲ್ಮೊನೆಲ್ಲಾದಂಥ ರೋಗಾಣುಗಳೂ ಇರಬಹುದು.

ಈಗ ನಾಲ್ಕನೆಯ ವರ್ಷ. ಮೂರರಲ್ಲಿ ಒಂದು ಮೊಟ್ಟೆ ನಿಲ್ಲಿಸಿದೆ, ಇನ್ನೊಂದು ವಾರಕ್ಕೆ ಎರಡು ಇಟ್ಟರೆ ಹೆಚ್ಚು. ಎರಡು ಹೊಸ ಹೇಂಟೆಗಳನ್ನು ಸೇರಿಸೋಣವೇ ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ಐದಕ್ಕೆ 70 ಚದರ ಅಡಿ ಸಾಕು, ಜಾಗವಿದೆ. ಆದರೆ ಅವುಗಳಿಗೂ ಆರೇಳು ವರ್ಷಗಳ ಸಂಜೆಗಳನ್ನು ಕೊಡಬೇಕಾದ್ದರಿಂದ ಇನ್ನೂ ಹೌದೆಂದಿಲ್ಲ.